ಒಂದು ಗುಂಡಿಯಷ್ಟು ಉದ್ದ

ಭಾನುವಾರ, ಮಧ್ಯಾಹ್ನ

ನನ್ನ ಚಿಕ್ಕಿಕ್ಕಳವೇ,

ಈ ಹೆಸರು ಹಿಡಿದು ನಿನ್ನನ್ನು ಕರೆದು ಎಷ್ಟು ಕಾಲವಾಯಿತೋ. ಶಾಲೆಯಲ್ಲಿ ಇಕ್ಕಳದ ಹಾಗೆ ಬಾಗಿದ ನಮ್ಮ ಕಾಲುಗಳನ್ನು ನೋಡಿ ನನಗೆ ದೊಡ್ಡಿಕ್ಕಳ, ನಿನಗೆ ಚಿಕ್ಕಿಕ್ಕಳ ಎಂದು ಹೆಸರಿಟ್ಟಿದ್ದರಲ್ಲ. ನೀನು ಅಳುತ್ತಿದ್ದೆ, ನಾನು ಹೊಡೆಯಲು ಹೋಗುತ್ತಿದ್ದೆ. ಅಪ್ಪ ಮಾತ್ರ ತನ್ನ ಕಾಲು ತೋರಿಸಿ, "ಇದು ನಮ್ಮನೆ ಆಸ್ತಿ ಕಣ್ರೇ, ಇಬ್ರಿಗೂ ಸಮಪಾಲು ಬಂದಿದೆ, ಜಗಳವೇ ಇಲ್ಲ" ಎಂದು ನಗುತ್ತಿದ್ದ.

ನಿನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದೆ, ಬಾಗಿಲಿಗೆ ಯಾರೋ ಬಂದರು ಎಂದು ಇಟ್ಟುಬಿಟ್ಟೆ. ಯಾರೂ ಬಂದಿರಲಿಲ್ಲ. "ಅಕ್ಕ, ನಿನ್ನ ಕಾಲು ಉದ್ದ ಆಗಿದೆಯಂತೆ, ಹೌದಾ?" ಎಂದು ನೀನು ಕೇಳಿದ ಕೂಡಲೇ ನಾನು ನಿನ್ನ ಭಾವನ ಕಡೆ ನೋಡಿದೆ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಆ ಮನುಷ್ಯನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎನ್ನುವುದು ನಿನಗೂ ಗೊತ್ತು.

ಫೋನಿನಲ್ಲಾದರೆ "ಚೆನ್ನಾಗಿದ್ದೀನಿ" ಎನ್ನುವ ಮಾತು ತಾನಾಗಿ ಬಂದುಬಿಡುತ್ತದೆ. ಕಾಗದದ ಮೇಲೆ ಅಷ್ಟು ಸಲೀಸಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಆಪರೇಷನ್ ಮಾಡಿದ ಡಾಕ್ಟರೇ ನಿನಗೂ ದಿನ ಕೊಟ್ಟಿದ್ದಾರೆ, ನೀನು ಈಗ ಬೇಡವೆಂದು ಹಟ ಹಿಡಿದಿದ್ದೀಯ ಎಂದು ಕೇಳಿದೆ. ನನ್ನ ಕಾಲಿಗೆ ಆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆಮೇಲೆ ನಿನ್ನಿಷ್ಟ.

ಹೌದು, ನನ್ನ ಬಲಗಾಲು ಎಡಗಾಲಿಗಿಂತ ಉದ್ದವಾಗಿದೆ. ಅಂಗಿಯ ಗುಂಡಿಯೊಂದರ ಅಗಲದಷ್ಟು.

ಆಪರೇಷನ್ನಿಗೆ ಮುಂಚೆ ನಾನು ಹೇಗಿದ್ದೆ ಎನ್ನುವುದು ನಿನಗೆ ಪೂರ್ತಿ ಗೊತ್ತಿಲ್ಲ. ಯೂನಿಫಾರ್ಮ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ದಿನವಿಡೀ ನಿಂತಿರಬೇಕು, ಕೂತರೆ ಕತ್ತರಿ ನೇರ ಓಡುವುದಿಲ್ಲ. ಸಂಜೆಯ ಹೊತ್ತಿಗೆ ಬಲಮಂಡಿಯ ಒಳಬದಿಯಲ್ಲಿ ಯಾರೋ ಸೂಜಿ ಮುರಿದಿಟ್ಟ ಹಾಗಾಗುತ್ತಿತ್ತು. ಕತ್ತರಿಸುವ ಕೋಣೆ ಅಂಗಡಿಯ ಮೇಲಿದೆ. ಹತ್ತುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಕಂಬಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ. ಅದನ್ನು ಯಾರೂ ನೋಡಬಾರದೆಂದು, ಎಲ್ಲರೂ ಹೊರಡುವವರೆಗೆ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾ ನಿಲ್ಲುತ್ತಿದ್ದೆ.

ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಸವೆದಿದ್ದು ಮಂಡಿಯ ಒಳಬದಿ ಮಾತ್ರ, ಹೊರಬದಿ ಇನ್ನೂ ಗಟ್ಟಿಯಾಗಿತ್ತು. ಕಾಲು ಬಾಗಿರುವುದರಿಂದ ಮೈಭಾರವೆಲ್ಲ ಒಳಗಡೆಗೇ ಬೀಳುತ್ತಿತ್ತಂತೆ. "ಈ ವಯಸ್ಸಿಗೇ ಮಂಡಿ ಬದಲಾಯಿಸೋದು ಬೇಡಮ್ಮ, ನಿಮ್ಮ ಮಂಡಿ ನಿಮಗೇ ಇರಲಿ, ಭಾರ ಬೀಳೋ ಜಾಗ ಬದಲಾಯಿಸೋಣ" ಎಂದರು. ಮಂಡಿಯ ಕೆಳಗಿನ ಮೂಳೆಯನ್ನು ಒಳಬದಿಯಿಂದ ಕೊಯ್ದು, ಬೆಣೆ ಹೊಡೆದ ಹಾಗೆ ಸ್ವಲ್ಪ ಬಾಯಿ ತೆರೆಸಿ, ಕಾಲು ನೇರ ಮಾಡಿ, ಪ್ಲೇಟು ಸ್ಕ್ರೂ ಬಿಗಿಯುವುದು. ತೆರೆದ ಜಾಗದಲ್ಲಿ ನಿಧಾನವಾಗಿ ಮೂಳೆ ಬೆಳೆದು ತುಂಬಿಕೊಳ್ಳುತ್ತದೆ. ಬಿಗಿಯಾದ ಬಟ್ಟೆಯ ಹೊಲಿಗೆ ಬಿಚ್ಚಿ ಮುಕ್ಕೋನದ ತುಂಡು ಸೇರಿಸುತ್ತೇವಲ್ಲ, ಅದೇ ತಾನೇ ಎಂದುಕೊಂಡು ಒಪ್ಪಿಬಿಟ್ಟೆ. ಕಾಲು ಸ್ವಲ್ಪ ಉದ್ದವಾಗಬಹುದು ಎಂದೂ ಅವರು ಅವತ್ತೇ ಹೇಳಿದ್ದರಂತೆ. ನಿನ್ನ ಭಾವನಿಗೆ ನೆನಪಿದೆ. ನನ್ನ ಕಿವಿಗೆ ಬಿದ್ದದ್ದು "ನೋವು ಕಡಿಮೆಯಾಗುತ್ತೆ" ಎನ್ನುವುದೊಂದೇ.

ಮೊದಮೊದಲು ತುಂಬಾ ಕಷ್ಟವಾಯಿತು, ಮುಚ್ಚಿಡುವುದಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಮಲಗಿದಲ್ಲೇ ಕಾಲೆತ್ತಿ ಎಂದರೆ, ಅದು ನನ್ನ ಕಾಲೇ ಅಲ್ಲ, ಯಾರೋ ಹಾಸಿಗೆಯ ಮೇಲೆ ಮರೆತುಹೋದ ಸಾಮಾನು ಎನ್ನಿಸುತ್ತಿತ್ತು. ಒಂದೂವರೆ ತಿಂಗಳು ಅದರ ಮೇಲೆ ಪೂರ್ತಿ ಭಾರ ಹಾಕುವಂತಿರಲಿಲ್ಲ, ಕಂಕುಳಲ್ಲಿ ಊರುಗೋಲು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ನಿನ್ನ ಭಾವ ಅಡುಗೆಮನೆ ಹೊಕ್ಕರು. ಮಾಡಿದ್ದೆಲ್ಲಕ್ಕೂ ಒಂದೇ ರುಚಿ, ಆದರೆ ಹೊತ್ತು ತಪ್ಪಿಸಲಿಲ್ಲ. ನನ್ನ ತಲೆ ಬಾಚಲು ಹೋಗಿ ಬೈತಲೆಯನ್ನು ಹಾವು ಹರಿದ ಹಾಗೆ ತೆಗೆದರು. ಕನ್ನಡಿ ನೋಡಿ ಇಬ್ಬರೂ ನಕ್ಕೆವು. ಅಷ್ಟು ದಿನಗಳಲ್ಲಿ ನಾನು ಮೊದಲು ನಕ್ಕಿದ್ದು ಅವತ್ತೇ.

ಇನ್ನು ಎರಡೂ ಕಾಲಿನ ಮೇಲೆ ನಿಲ್ಲಬಹುದು ಎಂದು ಡಾಕ್ಟರು ಹೇಳಿದ ದಿನ ಎಲ್ಲ ಮುಗಿಯಿತು ಎಂದುಕೊಂಡೆ. ನಿಂತೆ. ಒಂದು ಕಾಲು ಫುಟ್‌ಪಾತಿನ ಮೇಲೆ, ಇನ್ನೊಂದು ರಸ್ತೆಯ ಮೇಲೆ ಇಟ್ಟ ಹಾಗಿತ್ತು. ಮನೆಗೆ ಬಂದು ನಾನೇ ಹೊಲಿದ ಪ್ಯಾಂಟು ಹಾಕಿಕೊಂಡರೆ ಬಲಗಡೆಯ ಅಂಚು ಮೇಲೆ, ಎಡಗಡೆಯದು ಕೆಳಗೆ. ಬಲಗಾಲು ಗೆರೆ ಎಳೆದ ಹಾಗೆ ನೇರ, ಎಡಗಾಲು ಹಳೆಯ ಇಕ್ಕಳವೇ. ಜೀವಮಾನವೆಲ್ಲ ಊರಿನವರ ಅಂಚು ಸಮ ಮಾಡಿದವಳು ನಾನು. ಮಂಚದ ತುದಿಯಲ್ಲಿ ಕೂತು ಅತ್ತೆ.

ಆಮೇಲಿನದ್ದೇ ನಿನಗೆ ಗೊತ್ತಿಲ್ಲದ್ದು. ನೀನು ನೋಡಲು ಬರುತ್ತೇನೆ ಎಂದಾಗಲೆಲ್ಲ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ ಎಂದೆ. ನಿಜಕ್ಕೂ ಅಷ್ಟು ಬಣ್ಣ ಹೊಡೆಸಿದ್ದರೆ ಗೋಡೆಗಳು ದಪ್ಪವಾಗಿ ಮನೆಯೇ ಕಿರಿದಾಗುತ್ತಿತ್ತು! ನೀನು ಮಂಡಿ ತೋರಿಸಲು ಆಸ್ಪತ್ರೆಗೆ ಬಂದ ದಿನವೂ ಅಂಗಡಿಯಲ್ಲಿ ಅವಸರದ ಕೆಲಸ ಎಂದು ತಪ್ಪಿಸಿಕೊಂಡೆ. ನೀನು ಬೇಸರ ಮಾಡಿಕೊಂಡು ಹಾಗೇ ಬಸ್ಸು ಹತ್ತಿದೆ ಎಂದು ಗೊತ್ತು. ನನ್ನ ನಡಿಗೆ ನೋಡಿದರೆ ನೀನು ಹೆದರಿ ಡಾಕ್ಟರ ಬಾಗಿಲಿನಿಂದಲೇ ಹಿಂದಿರುಗುತ್ತೀಯ ಎನ್ನುವ ಭಯ ನನಗಿತ್ತು. ಬರೀ ಅದೇ ಎಂದರೆ ಸುಳ್ಳಾಗುತ್ತದೆ. ನಿನ್ನೆದುರು ಕುಂಟುವುದಕ್ಕೆ ನಾಚಿಕೆಯೂ ಇತ್ತು.

ಕೊನೆಗೆ ಡಾಕ್ಟರ ಹತ್ತಿರ ಜಗಳವಾಡಲೆಂದೇ ಹೋದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಬರಿಗಾಲಲ್ಲಿ ನಿಲ್ಲಿಸಿ, ಎಡಗಾಲಿನ ಕೆಳಗೆ ತೆಳ್ಳನೆಯ ಹಲಗೆಗಳನ್ನು ಒಂದೊಂದಾಗಿ ಸರಿಸುತ್ತಾ "ಈಗ?" ಎಂದು ಕೇಳುತ್ತಾ ಹೋದರು. "ಈಗ ಸಮ" ಎಂದಾಗ ನಿಲ್ಲಿಸಿದರು. "ಬಾಗಿದ್ದು ನೇರ ಆದ್ರೆ ಉದ್ದ ಸಿಗುತ್ತೆ, ಮೂಳೆ ತೆರೆದಿದ್ದಕ್ಕೂ ಸ್ವಲ್ಪ ಸೇರುತ್ತೆ. ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ನಿಮಗೆ ಗೊತ್ತಾಗ್ತಿದೆ ಅಂದ್ರೆ ಗೊತ್ತಾಗ್ತಿದೆ, ಭ್ರಮೆ ಅಲ್ಲ" ಎಂದರು. ಆ ಕೊನೆಯ ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ಎಡಗಾಲಿನ ಶೂ ಒಳಗೆ ಒಂದು ಪದರ ಹಾಕಿಸಲು ಹೇಳಿದರು. ವ್ಯಾಯಾಮ ಮಾಡಿಸುವ ಹುಡುಗಿಯ ಹತ್ತಿರವೂ ಮತ್ತೆ ಕಳಿಸಿದರು. ನಾನು ಕೆಳಗೆ ನೋಡಿಕೊಂಡು ಹೆಜ್ಜೆ ಇಟ್ಟಾಗಲೆಲ್ಲ ಅವಳು, "ಎದುರಿಗೆ ನೋಡಿ ಆಂಟಿ, ನೆಲ ಎಲ್ಲೂ ಓಡಿಹೋಗಲ್ಲ" ಎಂದು ಗದರುತ್ತಿದ್ದಳು.

ಹೀಗೇ ಕೆಲವು ತಿಂಗಳು ಕಳೆದವು. ಒಂದು ಸಂಜೆ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು ತನ್ನ ಸೊಸೆಯ ಮೇಲಿನ ದೂರನ್ನೆಲ್ಲ ನನ್ನ ಮುಂದೆ ಬಿಚ್ಚುತ್ತಿದ್ದಳು. ಮಾತು ಮುಗಿಯುವ ಲಕ್ಷಣವಿರಲಿಲ್ಲ, ಕೇಳುತ್ತಲೇ ಅವಳ ಜೊತೆ ಹೊರಟೆ. ಅರ್ಧದಲ್ಲಿ ಅವಳ ಮಾತು ನಿಂತುಹೋಯಿತು. ತಿರುಗಿ ನೋಡಿದರೆ ಅವಳು ಮೆಟ್ಟಿಲ ಮಧ್ಯೆ ನಿಂತಿದ್ದಾಳೆ, ನಾನು ಕೆಳಗಿದ್ದೇನೆ. "ಅಕ್ಕಾ, ಇಳಿದೇಬಿಟ್ರಲ್ಲ! ಕಂಬಿ ಮುಟ್ಟಲೇ ಇಲ್ಲ ನೀವು!" ಎಂದಳು. ಕಾಲು ಮುಂದೆ ಹಾಕಿ, ಎಲ್ಲರ ಹಾಗೆ ಇಳಿದಿದ್ದೆ. ಮಂಡಿ ನೋಯಿತೇ ಎಂದು ಯೋಚಿಸಿದೆ. ಆ ಹಳೆಯ ಚುಚ್ಚುನೋವು ಇರಲಿಲ್ಲ. ಅವಳು ಸೊಸೆಯನ್ನು ಮರೆತು ನನ್ನ ಕೈ ಹಿಡಿದುಕೊಂಡಳು. ನಾವಿಬ್ಬರೂ ಬೀದಿಯ ಮಧ್ಯೆ ನಿಂತು ಹುಚ್ಚರ ಹಾಗೆ ನಕ್ಕೆವು.

ಹಾಗೆಂದು ಎಲ್ಲವೂ ಸರಿಹೋಗಿದೆ ಎಂದುಕೊಳ್ಳಬೇಡ. ಗಾಯದ ಕೆಳಗೆ ಅಂಗೈಯಗಲ ಚರ್ಮಕ್ಕೆ ಸ್ಪರ್ಶವೇ ತಿಳಿಯುವುದಿಲ್ಲ. ಚಳಿ ಬಿದ್ದರೆ ಪ್ಲೇಟಿರುವ ಜಾಗ ತಾನಿದ್ದೇನೆ ಎಂದು ನೆನಪಿಸುತ್ತದೆ. ಮನೆಯೊಳಗೆ ಬರಿಗಾಲಲ್ಲಿ ನಡೆದರೆ ಈಗಲೂ ಒಂದು ಕಡೆ ವಾಲುತ್ತೇನೆ. ಮುಂದೆ ಎಂದಾದರೂ ಮಂಡಿ ಬದಲಾಯಿಸಬೇಕಾಗಿಯೂ ಬರಬಹುದಂತೆ. ಆದರೆ ದಿನವಿಡೀ ಮೇಜಿನ ಮುಂದೆ ನಿಂತು, ಸಂಜೆ ಎಲ್ಲರ ಜೊತೆ ಮನೆಗೆ ಹೊರಡುತ್ತೇನೆ. ಇಷ್ಟೇ ನನಗೆ ಸಿಕ್ಕಿದ್ದು. ನನಗೆ ಇದು ಸಣ್ಣದಲ್ಲ.

ನೀನು ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವವಳು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ನೀನು ಹಲ್ಲು ಕಚ್ಚಿಕೊಂಡು, ಪ್ರಯಾಣಿಕರಿಗೆ ಕಾಣದ ಹಾಗೆ ಮುಖ ತಿರುಗಿಸುವುದನ್ನು ಒಮ್ಮೆ ಹಿಂದಿನ ಸೀಟಿನಿಂದ ನೋಡಿದ್ದೇನೆ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಮಾಡಿಸಿಕೋ ಎಂದು ಒತ್ತಾಯಿಸುವುದಿಲ್ಲ. ನೋವು ನಿನ್ನದು, ಕಾಲೂ ನಿನ್ನದು. ಆದರೆ ಉದ್ದದ ಸುದ್ದಿ ಒಂದನ್ನೇ ಕೇಳಿ ಬೇಡವೆನ್ನಬೇಡ. ನಾನು ಹೇಳಿದ್ದನ್ನೆಲ್ಲ ಒಟ್ಟಿಗಿಟ್ಟು ನೋಡು. ಮುಂದಿನ ವಾರ ಬಿಡುವು ಮಾಡಿಕೊಂಡು ಬಾ. ನನ್ನ ನಡಿಗೆ ಕಣ್ಣಾರೆ ನೋಡು. ನಗು ಬಂದರೆ ನಗು.

ನಿನ್ನ ಗಂಡನನ್ನೂ ಮಕ್ಕಳನ್ನೂ ನಾನು ಕೇಳಿದೆ ಎಂದು ಹೇಳು.

ನಿನ್ನ
ಅಕ್ಕ

ತಾ.ಕ.: ಇದನ್ನು ತಿಳಿಸಬಾರದೆಂದೇ ಕಾಗದ ಮಡಚಿದ್ದೆ. ನಿನ್ನ ಭಾವ ಬಿಡಿಸಿ ಓದಿ, "ಮುಖ್ಯವಾದದ್ದನ್ನೇ ಬಿಟ್ಟಿದ್ದೀಯಲ್ಲೇ" ಎಂದರು. ನನ್ನ ಎಡಮಂಡಿಯೂ ಒಳಬದಿಯಲ್ಲಿ ಸವೆಯುತ್ತಿದೆಯಂತೆ, ಆ ಕಾಲಿಗೂ ಆಪರೇಷನ್ ನಿಗದಿಯಾಗಿದೆ, ನಿನಗೆ ಕೊಟ್ಟ ದಿನವೇ. ನಿನ್ನದು ಬೆಳಿಗ್ಗೆ, ನನ್ನದು ಮಧ್ಯಾಹ್ನ. ನಾನೇ ಕೇಳಿ ಆ ದಿನ ಹಾಕಿಸಿಕೊಂಡೆ. ಮೊದಲನೆಯ ಸಲ ಏನೂ ತಿಳಿಯದೆ ಹೋಗಿದ್ದೆ, ಹೆದರಿಕೆ ಇರಲಿಲ್ಲ. ಈ ಸಲ ಎಲ್ಲ ಗೊತ್ತು, ಅದಕ್ಕೇ ಜೀವ ನಡುಗುತ್ತಿದೆ. ನನಗೋಸ್ಕರ ಎಂದು ಮಾತ್ರ ಬರಬೇಡ. ಬರುವುದೇ ಆದರೆ, ಪಕ್ಕದ ಮಂಚ ಯಾರಿಗೂ ಕೊಡಬೇಡಿ ಎಂದು ನರ್ಸಮ್ಮನಿಗೆ ಹೇಳಿಟ್ಟಿದ್ದೇನೆ.