ಮೊದಲ ಹೇಳಿಕೆ

ತಳಿ, ತಮಿಳುನಾಡು
ಭಾನುವಾರ, 14 ಸೆಪ್ಟೆಂಬರ್ 2025

ಮಗಳು ಚಂದ್ರಲೇಖಾಳಿಗೆ,

ನಮ್ಮ ತೋಟದ ಕೆಲಸದ ಮಾದೇಶನ ಬಲಗೈಗೆ ಹಾಕಿದ್ದ ಕಟ್ಟನ್ನು ಮೊನ್ನೆ ಶುಕ್ರವಾರ ಬಿಚ್ಚಿದರು. ಎರಡು ಬೆರಳು ಮಡಚಲು ಬರುವುದಿಲ್ಲ. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದ ಅವನ ತಾಯಿ ಅಂಜಿನಮ್ಮ ಹೇಳಿದಳು.

ನಾವು ಆರೋಗ್ಯವಾಗಿದ್ದೇವೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು, ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಕೋಸಿನ ಕೊಯ್ಲು ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದು ನಿಜ. ಅದೊಂದೇ ಕಾರಣವಲ್ಲ.

ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಕೇಳಿದ್ದ ಪೇಪರ್ ತುಂಡುಗಳನ್ನು ಇದರ ಜೊತೆ ಇಟ್ಟಿದ್ದೇನೆ. ಎಲ್ಲವೂ 2020ರವು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮೊಣಕಾಲು ಊರಿದ್ದ; ಆತ ಸತ್ತ. ಪೊಲೀಸರ ಮೊದಲ ಹೇಳಿಕೆಯಲ್ಲಿ ಮೊಣಕಾಲಿನ ಮಾತೇ ಇರಲಿಲ್ಲ. ಹದಿನೇಳು ವರ್ಷದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದ ವಿಡಿಯೊದಿಂದ ಲೋಕಕ್ಕೆ ತಿಳಿಯಿತು. ಒಬ್ಬ ಕೆಟ್ಟವನಿಗಾಗಿ ಇಡೀ ಇಲಾಖೆಯನ್ನು ದೂರಬಾರದು ಎಂದು ಎದುರಿನವರು ವಾದಿಸಿದರೆ, ಆ ಹೇಳಿಕೆ ಬರೆದವರು ಯಾರು ಎಂದು ಕೇಳು.

ನಿನ್ನೆ ಟೀ ಅಂಗಡಿಯಲ್ಲಿ ಎಂದಿನಂತೆ ತಮಿಳು ಪೇಪರನ್ನು ಕನ್ನಡದಲ್ಲಿ ಹೇಳಿ ಮುಗಿಸಿ, ನಿನ್ನ ಚರ್ಚೆಯ ವಿಷಯ ತೆಗೆದೆ. ಪಕ್ಕದ ತೋಟದ ಮುತ್ತರಾಯಪ್ಪ, "ಕರ್ರಗಿರೋರ್ನೆಲ್ಲಾ ಹೊಡ್ದಾಕಿದ್ರೆ ನಮ್ಮ ಸಂತೆಗೆ ಒಬ್ನೂ ಬರಾಕಿಲ್ಲ ಕಣ್ಲಾ" ಎಂದ. ಎಲ್ಲರೂ ನಕ್ಕರು. ಪೊಲೀಸರಿಲ್ಲದಿದ್ದರೆ ಊರಿನಲ್ಲಿ ಒಂದು ಬೈಕೂ ಉಳಿಯುವುದಿಲ್ಲ ಎಂದು ಹನುಮಂತರಾಯಪ್ಪ ಹಟ ಹಿಡಿದ. ಅವನ ಬೈಕು ಕಳುವಾದಾಗಲೇ ಮಾದೇಶನನ್ನು ಹಿಡಿದು ಠಾಣೆಯಲ್ಲಿ ಎರಡು ದಿನ ಇಟ್ಟುಕೊಂಡಿದ್ದರು. ಬೈಕು ಆಮೇಲೆ ಬೇರೆಯವನ ಹತ್ತಿರ ಸಿಕ್ಕಿತು. ಮುತ್ತರಾಯಪ್ಪ ಲೋಟ ಕೆಳಗಿಟ್ಟು, "ಅಲ್ಲಿ ಬಣ್ಣ ನೋಡ್ತಾರೆ, ಇಲ್ಲಿ ಕಾಲ್ನಾಗಿರೋ ಚಪ್ಲಿ ನೋಡ್ತಾರೆ" ಎಂದ.

ಮಾದೇಶ ನಾಟ್ರಾಂಪಾಳ್ಯದವನು, ನಮ್ಮ ಕೋಸಿನ ಕೆಲಸಕ್ಕೆ ಬರುತ್ತಿದ್ದವನು. ತಮಿಳು ಅವನಿಗೆ ಅಷ್ಟಕ್ಕಷ್ಟೆ. ಠಾಣೆಯಲ್ಲಿ ಅವನು ಹೆಬ್ಬೆಟ್ಟು ಒತ್ತಿದ ತಮಿಳು ಹೇಳಿಕೆಯಲ್ಲಿ, ಹಿಡಿಯಲು ಹೋದಾಗ ಓಡಿ ಬಂಡೆಯಿಂದ ಜಾರಿಬಿದ್ದು ಕೈ ಮುರಿಯಿತು ಎಂದಿದೆ. ಅಂಜಿನಮ್ಮ ನಮ್ಮ ಜಗಲಿಯಲ್ಲಿ ಕೂತು, "ಅಣ್ಣಾ, ಯಾವ್ ಬಂಡೆ ಅಂತ ಅವ್ನು ನನ್ನೇ ಕೇಳ್ತಾನೆ" ಎಂದಳು. ನಿನ್ನ ಅಮ್ಮ ಕೊಟ್ಟ ಕಾಫಿಯನ್ನು ಅವಳು ಮುಟ್ಟಲಿಲ್ಲ.

ಹೆದರದೆ ಮಾತಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಲಕ್ಷ್ಮಣಪ್ಪ

ಮತ್ತೆ: ಆ ಹೇಳಿಕೆಯನ್ನು ಮಾದೇಶನಿಗೆ ಕನ್ನಡದಲ್ಲಿ ತಿಳಿಸಲು ಠಾಣೆಯವರು ಕರೆಸಿದ್ದು ನನ್ನನ್ನು. ಪೇಪರ್ ಓದುವಾಗ ಉದ್ದದ ಸುದ್ದಿಯನ್ನು ಮೊಟಕು ಮಾಡಿ, ಕೇಳುವವರಿಗೆ ಕಷ್ಟವಾಗುವುದನ್ನು ಹಾರಿಸಿ ಹೇಳುವುದು ನನ್ನ ರೂಢಿ. ಅಲ್ಲೂ ಹಾಗೇ ಮಾಡಿದೆ. ಬಂಡೆಯ ಸಾಲನ್ನು ನಾನು ಓದಿದೆ; ಅವನಿಗೆ ಹೇಳಲಿಲ್ಲ. ಅವನ ಬಲಗೈ ಊದಿಕೊಂಡಿದ್ದೂ ಕಂಡಿತ್ತು. "ಒತ್ತು ಕಣಪ್ಪ, ಮನೆಗೆ ಬಿಡ್ತಾರೆ" ಎಂದೆ. ನನ್ನ ಮುಖ ನೋಡಿ ಎಡಗೈ ಹೆಬ್ಬೆಟ್ಟು ಒತ್ತಿದ. ಆ ಸಾಲನ್ನು ಪೊಲೀಸರು ಆಮೇಲೆ ಸೇರಿಸಿದ್ದಾರೆ ಎಂದೇ ತಾಯಿ ಮಗ ಇಬ್ಬರೂ ನಂಬಿದ್ದಾರೆ. ನಾಳೆ ಅವರ ಮನೆಗೆ ಹೋಗಿ ನಿಜ ಹೇಳುತ್ತೇನೆ. ಬುಧವಾರ, 17ನೇ ತಾರೀಕು, ಬೆಳಗ್ಗೆ ಹನ್ನೊಂದಕ್ಕೆ ಹೊಸೂರಿನಲ್ಲಿ ಮಾದೇಶನ ಕೈ ಮುರಿದ ಬಗ್ಗೆ ಸಬ್ ಕಲೆಕ್ಟರ್ ವಿಚಾರಣೆ. ಎರಡನೆಯ ಸಾಕ್ಷಿ ನಾನು.