ಫ್ರಾಕೆಯ ಮನೆಯ ಸೈಕಲ್ಲು

ಹೂಸುಮ್,
ಜನವರಿ ೨೪, ಶನಿವಾರ

ಪ್ರೀತಿಯ ಇಂಕೆನ್,

ಹೇಗಿದ್ದೀಯ? ಈ ಮಾತು ಕೇಳಿ ಆರು ವರ್ಷವಾಯಿತು. ನಿಮ್ಮಪ್ಪನನ್ನು ಮಣ್ಣು ಮಾಡಿದ ದಿನ ಗುಂಡಿಯ ಆಚೆ ಬದಿಗೆ ನಿಂತಿದ್ದು, ಆಮೇಲೆ ಕಾಫಿಗೂ ಕಾಯದೆ ಬರ್ಲಿನ್ ರೈಲು ಹತ್ತಿದವಳು ನೀನು. ನಿನ್ನ ಮನೆ ಎಲ್ಲಿದೆ ಎಂದು ನನಗೆ ತಿಳಿಯದು. ಅದಕ್ಕೇ ನೀನು ಕೆಲಸ ಮಾಡುವ ಸ್ಟುಡಿಯೋದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮೈ ಚೆನ್ನಾಗಿಟ್ಟುಕೊಂಡಿದ್ದೀಯ ಎನ್ನುವುದನ್ನು ಕಣ್ಣಾರೆ ಕಂಡೆ. ತೋಳುಗಳು ಗಟ್ಟಿಯಾಗಿವೆ, ಕೂದಲು ಗಿಡ್ಡ ಮಾಡಿಸಿದ್ದೀಯ. ಕಣ್ಣಿನ ಕೆಳಗೆ ಮಾತ್ರ ಕಪ್ಪಾಗಿದೆ, ನಿದ್ದೆ ಸಾಲುತ್ತಿಲ್ಲವೇನೋ. ಎಲ್ಲಿ ಕಂಡೆ ಎನ್ನುವುದನ್ನು ಹೇಳಲೆಂದೇ ಈ ಕಾಗದ.

ಅಕ್ಟೋಬರಿನಲ್ಲಿ ನನ್ನ ಬಲ ಮಂಡಿಗೆ ಆಪರೇಷನ್ ಆಯಿತು. ಯಾರೂ ನಿನಗೆ ತಿಳಿಸಿರಲಾರರು, ನಾನೂ ಹೇಳಿಕಳಿಸಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗ, ಬೋಯೆ ಅಂತ, ಬಲು ತಮಾಷೆಯವನು. "ಇವೆರ್ಸೆನ್ ಮೇಡಂ, ದಿನಾ ಅರ್ಧ ಗಂಟೆ ಸೈಕಲ್ ತುಳೀಲೇಬೇಕು. ಹೊರಗಡೆ ಮಾತ್ರ ಬೇಡ. ಈ ಗಾಳೀಲಿ ಹೋದ್ರೆ ನಿಮ್ಮನ್ನ ಸಮುದ್ರದಿಂದ ಎತ್ಕೊಂಡು ಬರಬೇಕಾಗುತ್ತೆ" ಎಂದ. ಹಾಗಾಗಿ ಮನೆಯೊಳಗೆ ತುಳಿಯುವ ಸೈಕಲ್ಲಿನ ಯೋಚನೆ ಬಂತು. ಪಕ್ಕದ ಮನೆಯ ಫ್ರಾಕೆಗೆ ಅವಳ ಅಳಿಯ ಒಂದು ಕೊಡಿಸಿದ್ದಾನೆ. ಮುಂದುಗಡೆ ದೊಡ್ಡ ಪರದೆ, ಅದರಲ್ಲಿ ಟೀಚರು, ದೇಶದ ಎಲ್ಲೆಲ್ಲಿಂದಲೋ ಜೊತೆಗೆ ತುಳಿಯುವವರ ಹೆಸರುಗಳು ಬದಿಯಲ್ಲಿ. ನಿನಗೆ ಇದನ್ನೆಲ್ಲ ವಿವರಿಸುತ್ತಿದ್ದೇನೆ ನೋಡು! ಕೊಳ್ಳಲೋ ಬೇಡವೋ ಎಂದು ಕೇಳಿದ್ದಕ್ಕೆ ಫ್ರಾಕೆ, "ಮೊದ್ಲು ನನ್ನದರ ಮೇಲೆ ಕೂತು ನೋಡು ವೀಬ್ಕೆ. ಸಾವಿರದೈನೂರು ಯೂರೋ ಸುಮ್ನೆ ಬರುತ್ತಾ? ಮೇಲೆ ತಿಂಗಳು ತಿಂಗಳೂ ಕಟ್ತಿರಬೇಕು. ನಿಂಗೆ ಇಷ್ಟವಾದ್ರೆ ತಗೋ, ಇಲ್ದಿದ್ರೆ ಬಿಡು" ಎಂದಳು.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ಸೀಟು ಇಳಿಸಿ, ನನ್ನ ಕಾಲನ್ನು ಪೆಡಲಿಗೆ ಸಿಕ್ಕಿಸಿ, ಪರದೆ ಒತ್ತುವ ಮೊದಲು ಅವಳು ನನ್ನ ಮುಖ ನೋಡಿದಳು. "ಆಮೇಲೆ ನನ್ನ ಬಯ್ಬೇಡ ಮತ್ತೆ" ಎಂದಳು. ಮಂಡಿ ನೋವಿನ ಮಾತೇನೋ ಅಂದುಕೊಂಡೆ. ಪರದೆಯಲ್ಲಿ ನೀನು ಬಂದೆ.

ಕಾಲು ನಿಂತುಹೋಯಿತು. ನೀನು ನಗುತ್ತ ನೇರವಾಗಿ ನನ್ನನ್ನೇ ನೋಡಿ, "ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ, ನಾನಿದ್ದೀನಿ" ಎಂದೆ. ನಾನು ಹುಚ್ಚಿಯ ಹಾಗೆ ತುಳಿಯತೊಡಗಿದೆ. ಹದಿನೈದು ನಿಮಿಷ ಸುಖವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ನಡುವೆ ನೀನು, ಯಾರೋ ನೂರನೇ ಸಲ ತುಳಿಯುತ್ತಿದ್ದಾರೆ ಎಂದು ಪಟ್ಟಿ ನೋಡಿ, "ಶಭಾಷ್ ಫ್ರಾಕೆ! ಹೂಸುಮಿಂದ ಫ್ರಾಕೆ, ನಿಮ್ಮನ್ನ ಕಂಡ್ರೆ ನಂಗೆ ಹೆಮ್ಮೆ!" ಎಂದು ಕೂಗಿದೆ. ಅವಳ ಹೆಸರಿನಲ್ಲಿ ತುಳಿಯುತ್ತಿದ್ದವಳು ನಾನು. ಹುಟ್ಟಿದೂರಿನ ಹೆಸರು ಹೇಳುವಾಗ ನಿನ್ನ ದನಿ ಒಂದಿಷ್ಟೂ ತಡವರಿಸಲಿಲ್ಲ.

ಆಮೇಲೆ ಏರು ಬಂತು. ಪೆಡಲಿನ ಬಿಗಿ ಹೆಚ್ಚಿಸಿ ಎಂದು ಹೇಳಿ, ದನಿ ತಗ್ಗಿಸಿ ನೀನು ಶುರು ಮಾಡಿದೆ: "ನಂಗಾಗ ಹದಿನಾಲ್ಕು. ಚರ್ಚಲ್ಲಿ ನನ್ನ ದೃಢೀಕರಣದ ಹಬ್ಬ, ಸಭೆಗೆ ಪೂರ್ತಿ ಸೇರೋ ದಿನ. ಬಿಳೀ ಫ್ರಾಕು, ಮನೆ ತುಂಬ ನೆಂಟರು. ಎರಡನೇ ತುಂಡು ಕೇಕಿಗೆ ಕೈ ಹಾಕ್ದೆ. ನಮ್ಮಮ್ಮ ಎಲ್ರ ಮುಂದೆ ಅಂದ್ಲು, ತಿನ್ಲಿ ಬಿಡಿ, ಹೆಂಗಿದ್ರೂ ಇವಳನ್ನ ಯಾರೂ ನೋಡಲ್ಲ ಅಂತ. ನಿಮ್ಗೂ ಅಂಥ ಒಬ್ರು ಇದ್ದಾರಲ್ಲ? ಅವರನ್ನ ಇವತ್ತು ಹಿಂದೆ ಬಿಟ್ಟು ಹೋಗೋಣ. ಏಳಿ, ನಿಂತು ತುಳೀರಿ!" ಪರದೆಯ ತುಂಬ ಕೆಂಪು ಹೃದಯಗಳು ಹಾರಿದವು. ಹೊಸ ಮಂಡಿಗೆ ನಿಂತು ತುಳಿಯಬಾರದು ಎಂದು ಬೋಯೆ ಹೇಳಿದ್ದ. ನಾನು ಎದ್ದು ನಿಂತು ತುಳಿದೆ, ನನ್ನನ್ನೇ ಹಿಂದೆ ಬಿಡಲು.

ಇಳಿದಾಗ ಫ್ರಾಕೆ ಟವೆಲುಗಳನ್ನು ಮಡಿಸುತ್ತಿದ್ದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. "ಇದನ್ನ ಅವ್ಳು ಆಗಾಗ ಹೇಳ್ತಿರ್ತಾಳೆ. ನಿಂಗೆ ಬೇರೆಯವರಿಂದ ಗೊತ್ತಾಗೋದು ಬೇಡ ಅನ್ನಿಸ್ತು" ಎಂದಳು. ಬೇರೆಯವರು ಎಂದರೆ? ಚರ್ಚಿನ ಹಾಡಿನ ಗುಂಪಿನಲ್ಲಿ ಇನ್ನೂ ಮೂವರ ಮನೆಯಲ್ಲಿ ಆ ಸೈಕಲ್ಲಿದೆಯಂತೆ. ಒಂದು ವರ್ಷದಿಂದ ಅವರೆಲ್ಲ ನನ್ನ ಪಕ್ಕ ನಿಂತು ಹಾಡಿದ್ದಾರೆ. ಅಷ್ಟು ದಿನ ನನ್ನನ್ನು ಹಿಂದೆ ಬಿಟ್ಟು ಬಿಟ್ಟು ಬೆವರು ಒರೆಸಿಕೊಂಡಿದ್ದಾರೆ.

ಕಥೆ ಹೇಳುವವಳು ಸರಿಯಾಗಿ ಹೇಳಬೇಕು, ಇಂಕೆನ್. ನಿನ್ನ ಫ್ರಾಕು ಬಿಳಿಯದಲ್ಲ, ಕಡುನೀಲಿ. ಬಟ್ಟೆ ತಂದು ನಾನೇ ಹೊಲಿದೆ, ಎರಡು ಸಲ ಬಿಚ್ಚಿ ಅಗಲ ಮಾಡಿದೆ, ಒಂದು ಸಲವೂ ಬೇಸರಿಸಲಿಲ್ಲ. ಮನೆ ತುಂಬ ನೆಂಟರಿರಲಿಲ್ಲ, ಒಂಬತ್ತು ಜನ. ಕೀಲ್‌ನ ಅತ್ತೆ ಜ್ವರವೆಂದು ಬಂದೇ ಇರಲಿಲ್ಲ. ನಿನ್ನ ಈಜಿನ ತರಬೇತಿಗೆ ನಾಲ್ಕು ವರ್ಷ ಬೆಳಗಿನ ಐದೂವರೆಗೆ ಕಾರು ತೆಗೆದವಳು ಯಾರು? ಅದು ಏರು ಹತ್ತುವಾಗ ಹೇಳುವ ಕಥೆಯಾಗುವುದಿಲ್ಲ, ನನಗೂ ಗೊತ್ತು.

ಹೀಗಿದ್ದೂ ಮತ್ತೆ ಮೂರು ಮಂಗಳವಾರ ಫ್ರಾಕೆಯ ಮನೆಗೆ ಹೋದೆ. ಆಮೇಲೆ ನಾಚಿಕೆಯಾಗಿ, ನನ್ನದೇ ಒಂದಿರಲಿ ಎಂದು ಫ್ಲೆನ್ಸ್‌ಬುರ್ಗಿನ ಅಂಗಡಿಗೆ ಹೋದೆ. ಹಣ ತೆಗೆದೂ ಇಟ್ಟಿದ್ದೆ. ಅಂಗಡಿಯವನು, "ನೋಡ್ತಿರಿ ಮೇಡಂ, ಒಂದೇ ತಿಂಗಳು, ಟೀಚರುಗಳು ಮನೆಯವರ ಥರಾನೇ ಆಗ್ಬಿಡ್ತಾರೆ" ಎಂದ. ನನಗೆ ನಗು ಬಂತು, ನಿಲ್ಲಲೇ ಇಲ್ಲ. ಪಾಪ, ಅವನು ನೀರು ತಂದುಕೊಟ್ಟ. ಬರಿಗೈಯಲ್ಲಿ ವಾಪಸು ಬಂದೆ. ದುಡ್ಡು ಕಟ್ಟಿದವರಿಗೆಲ್ಲ ನೀನು ಹಂಚುವ ಹೆಮ್ಮೆಯಲ್ಲಿ ನನಗೂ ಒಂದು ಪಾಲು ಸಿಗುತ್ತಿತ್ತು. ತಾಯಿಯಾಗಿ ಚಂದಾ ಕಟ್ಟಿ ಅದನ್ನು ಪಡೆಯುವಷ್ಟು ಕೆಳಗೆ ನಾನಿನ್ನೂ ಇಳಿದಿಲ್ಲ. ಬೋಯೆಯ ಚಿಕಿತ್ಸಾಲಯದವರು ಹಳೆಯದೊಂದು ಸೈಕಲ್ಲು ಮಾರಿದರು, ಅದನ್ನೇ ತಂದು ಅಡುಗೆಮನೆಯಲ್ಲಿ ನಿಲ್ಲಿಸಿದ್ದೇನೆ. ಕಿರುಗುಟ್ಟುತ್ತದೆ. ಪರದೆಯಿಲ್ಲ, ಎದುರಿಗೆ ಗೋಡೆ. ಮಂಡಿಗೆ ಎರಡೂ ಒಂದೇ ಎಂದು ಬೋಯೆ ಹೇಳುತ್ತಾನೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಬೆವರಿದ ಮೈಯಲ್ಲಿ ಥಂಡಿ ಗಾಳಿಗೆ ಹೋಗಬೇಡ, ನಿನ್ನ ಗಂಟಲು ಮೊದಲಿನಿಂದಲೂ ಸೂಕ್ಷ್ಮ. ಫ್ರಾಕೆ ನೆನಪು ತಿಳಿಸಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ಅಮ್ಮ,
ವೀಬ್ಕೆ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಫ್ರಾಕಿನ ಬಣ್ಣ ಯಾವುದಾದರೂ ಆಗಿರಲಿ, ಆ ಮಾತು ನಾನೇ ಆಡಿದ್ದು. ನೀನು ಹೇಳುವ ಹಾಗೆಯೇ, ಅಕ್ಷರ ಬಿಡದೆ. ಎಲ್ಲರೂ ನಕ್ಕರು, ನನಗೆ ಖುಷಿಯಾಯಿತು. ನೀನು ತಟ್ಟೆ ಸರಿಸಿ ಮಹಡಿ ಮೆಟ್ಟಿಲು ಹತ್ತಿದ್ದನ್ನು ನೋಡಿದೆ. ಆಗಲೇ ನಿನ್ನ ಹಿಂದೆ ಎದ್ದು ಬರಬೇಕಿತ್ತು. ಬರಲಿಲ್ಲ. ನೆಂಟರಿಗೆ ಕಾಫಿ ಬಗ್ಗಿಸುತ್ತ ಕೂತೆ.