ಗೋಡೆಯಾಚೆಯ ಲಿಂಬೆ

ಹಾವೇರಿ
10 ಆಗಸ್ಟ್ 2024

ಪ್ರೀತಿಯ ಸ್ನೇಹಾ,

ಹೇಗಿದ್ದೀಯಾ? ಕಾಲಿನ ಬಾವು ಇಳಿಯಿತೇ? ಕುಮಾರಪಟ್ಟಣದಲ್ಲಿ ಹೊಳೆ ತುಂಬಿ ಹರಿಯುತ್ತಿದೆಯೆಂದು ನಿನ್ನ ಅಪ್ಪ ಹೇಳಿದರು. ಕ್ವಾರ್ಟರ್ಸಿನ ಮೆಟ್ಟಿಲು ಪಾಚಿಗಟ್ಟಿದ್ದರೆ ನೋಡಿಕೊಂಡು ಇಳಿ.

ಯುಗಾದಿ ಹೊತ್ತಿಗೆ ನೀನು ಅಪ್ಪನನ್ನು ಕೇಳಿದ್ದಕ್ಕೆ ಶ್ರಾವಣದಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೇಸರಿಸಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಊಟ, ಔಷಧಿ, ಮಳೆ ಇಷ್ಟನ್ನು ಮುಗಿಸಿ ಸುಮ್ಮನಾಗಿಬಿಡುತ್ತೇವೆ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಕನ್ನಡದ ಒತ್ತಕ್ಷರ ಸರಿಯಾಗಿ ಕಲಿತದ್ದು ನಿನ್ನ ಪಕ್ಕ ಕುಳಿತು, ನಿನ್ನ ಎರಡನೆಯ ಇಯತ್ತೆಯ ಪುಸ್ತಕದಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದು.

"ಅವ್ವನ ಗಿಡದ ಲಿಂಬಿ ಉಪ್ಪಿನಕಾಯಿ ತಿನಬೇಕು ಅನಸಾಕತ್ತೈತಿ ಅಪ್ಪಾ. ಕುಬಸಕ್ಕ ಅದ ಬೇಕು" ಎಂದೆಯಂತೆ. ಬಸುರಿಯ ಬಯಕೆ, ಅದೂ ಸೀಮಂತದ ಊಟಕ್ಕೆ, ಕೇಳಿ ಸಂತೋಷಪಡಬೇಕಿತ್ತು. ನನಗೆ ಅದಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಹಿತ್ತಲಿನ ಆ ಗಿಡದ ಕಾಯಿಯಿಂದ ಪ್ರತಿ ಬೇಸಿಗೆಯಲ್ಲೂ ಉಪ್ಪಿನಕಾಯಿ ಹಾಕುತ್ತ ಬಂದಿದ್ದೇನೆ. ನೀನಿನ್ನೂ ಚಿಕ್ಕವಳಿದ್ದಾಗ ಒಮ್ಮೆ ಬೆರಳು ನೆಕ್ಕಿ, "ಛಲೋ ಐತಿ. ಆದ್ರ ಅವ್ವ ಮಾಡಿದಂಗಿಲ್ಲ" ಎಂದಿದ್ದೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೆ ಗೊತ್ತು. ಅಂದಿನಿಂದ ಉಪ್ಪು ಬದಲಿಸಿದೆ, ಬಿಸಿಲು ಹೆಚ್ಚಿಸಿದೆ, ಮೆಣಸಿನಕಾಯಿಗೆಂದು ನಾನೇ ಬ್ಯಾಡಗಿಗೆ ಹೋಗಿ ಬಂದೆ. ರುಚಿ ಬದಲಾಗಲಿಲ್ಲ. ಕೊನೆಗೆ, ತಪ್ಪು ಇರುವುದು ನನ್ನ ಕೈಯಲ್ಲೇ ಎಂದು ಒಪ್ಪಿಕೊಂಡೆ. ಈ ಸಲವಾದರೂ ಸರಿಹೋದರೆ, ಹೆರಿಗೆಗೆ ಎಲ್ಲಿಗೆ ಬರುತ್ತೀ ಎಂದು ನಿನ್ನನ್ನು ಕೇಳುವ ಧೈರ್ಯ ಬಂದೀತು ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಕಾಯಿ ಹರಿದು ಬುಟ್ಟಿ ತುಂಬಿಸಿಟ್ಟ ದಿನವೇ ನಿನ್ನ ಅವ್ವನ ತಂಗಿ ರಾಣೆಬೆನ್ನೂರಿನಿಂದ ಬಂದರು. ನಿನ್ನ ಮಂಗಳಾ ಮಾವಶಿ ನಿನಗೆ ಗೊತ್ತಲ್ಲ, ನೀರು ಕುಡಿಯುವ ಮೊದಲೇ ಅಡಿಗೆಮನೆ ತಪಾಸಣೆ. ಒಂದು ಕಾಯಿ ಎತ್ತಿಕೊಂಡು, ಉಗುರಿನಿಂದ ಸಿಪ್ಪೆ ಕೆರೆದು ಮೂಸಿದರು.

"ಯಾವ ಬಜಾರದಾಗ ತಂದ್ರಿ ಇದನ್ನ?"

"ಬಜಾರದ್ದಲ್ರಿ ಮಂಗಳಕ್ಕ, ನಮ್ಮ ಹಿತ್ತಲದ್ದು. ಮುಂಜಾನೆ ನಾನ ಹರದೇನಿ."

"ಏ, ಸಾಧ್ಯನ ಇಲ್ಲ. ಇದು ನಮ್ಮಕ್ಕನ ಗಿಡದ ಕಾಯಿ ಅಲ್ಲ."

ಸಿಟ್ಟು ಬಂತು. ಇಷ್ಟು ವರ್ಷ ಆ ಗಿಡಕ್ಕೆ ನೀರು ಹೊತ್ತವಳು ನಾನು. ಬನ್ನಿ, ಗಿಡವನ್ನೇ ತೋರಿಸುತ್ತೇನೆ ಎಂದು ಹಿತ್ತಲಿಗೆ ಕರೆದೊಯ್ದೆ. ಅವರು ಸೀರೆ ಎತ್ತಿ ಕಟ್ಟಿ, ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಸ ಸರಿಸಿದರು. ನೆಲದಿಂದ ಗೇಣು ಮೇಲೆ ಕಾಂಡ ಗಂಟುಗಟ್ಟಿತ್ತು.

"ಕಸಿ ಗಿಡ ಇದು. ನಾನು ಅಕ್ಕ ಕೂಡೇ ತಂದು ಹಚ್ಚಿದ್ವಿ. ಮ್ಯಾಲಿಂದು ಕಾಗದಿ ಲಿಂಬಿ, ಬುಡ ಜಂಬೇರಿ. ಗಂಟಿನ ಕೆಳಗ ಚಿಗತಿದ್ದನ್ನ ಆಗಾಗ ಚಿವುಟಬೇಕ್ರಿ, ಇಲ್ಲಂದ್ರ ಕಾಡಲಿಂಬಿ ಎದ್ದು ಕುಂದರತೈತಿ. ಅಕ್ಕ ಚಿವುಟತಿದ್ಲು."

ನಿನ್ನ ಅವ್ವ ಶಾರದಕ್ಕ ಹಾಸಿಗೆ ಹಿಡಿದ ವರ್ಷ ಚಿಗುರು ಚಿವುಟುವುದು ಯಾರಿಗೆ ನೆನಪಿರಬೇಕು? ಅವರು ತೀರಿಹೋಗಿ ನಾನು ಈ ಮನೆಗೆ ಬರುವ ಹೊತ್ತಿಗೆ ಕೆಳಗಿನ ಚಿಗುರುಗಳೇ ಗಿಡವಾಗಿದ್ದವು. ನಾನು ಅದಕ್ಕೇ ಗೊಬ್ಬರ ಹಾಕಿ ಬೆಳೆಸಿದೆ. ಎಳೆಯದಿದ್ದಾಗ ಜಂಬೇರಿ ಥೇಟ್ ಲಿಂಬೆಯಂತೆಯೇ ಇರುತ್ತದೆ. ಬೇಸಿಗೆಯ ಬಿಸಿಲು ತಪ್ಪೀತೆಂದು ನಾನು ಕಾಯಿ ಬಲಿಯುವ ಮೊದಲೇ ಹರಿಯುತ್ತಿದ್ದೆ, ಹಾಗಾಗಿ ಸಂಶಯವೂ ಬರಲಿಲ್ಲ.

ಗಂಟಿನ ಮೇಲಿನದು ಒಂದೇ ಟೊಂಗೆ ಉಳಿದಿತ್ತು. ಅದು ಗೋಡೆ ದಾಟಿ ಮರಿಯವ್ವನ ಹಿತ್ತಲಿಗೆ ಬಾಗಿತ್ತು. ನಮ್ಮ ಮಾತು ಕೇಳಿ ಮರಿಯವ್ವ ಆ ಕಡೆಯಿಂದ ಇಣುಕಿದಳು.

"ಏನ್ ಕಳಕೊಂಡೀರ್ರಿ ಅಕ್ಕಾರ?"

"ನಿಮ್ಮ ಕಡೆ ಬಿದ್ದಿದ್ದ ಲಿಂಬಿ ಒಂದ್ ಕೊಡ್ರಿ ಮರಿಯವ್ವ" ಎಂದೆ.

"ಒಂದ್ಯಾಕ, ಬುಟ್ಟಿನ ಐತಿ. ಪ್ರತಿ ವರ್ಷ ಹೇಳತೇನಿ, ನಿಮ್ಮ ಲಿಂಬಿ ಭಾಳ ಛಲೋ ಅಂತ. ನೀವು ನಕ್ಕು ಒಳಗ ಹೋಗ್ತೀರಿ!"

ನಾನು ಅದನ್ನು ಬರೀ ಉಪಚಾರದ ಮಾತೆಂದುಕೊಂಡಿದ್ದೆ. ನಾವು ಒಳಗೆ ಬರುವಷ್ಟರಲ್ಲಿ ಮುಂಬಾಗಿಲಿನಿಂದ ಬಂದ ಮರಿಯವ್ವ, "ನಿಮ್ಮದು ನಿಮಗ" ಎನ್ನುತ್ತ ತನ್ನ ಬುಟ್ಟಿಯನ್ನು ನನ್ನ ಬುಟ್ಟಿಯ ಮೇಲೆ ಸುರಿದೇಬಿಟ್ಟಳು. ಎರಡೂ ಬೆರೆತವು. ಮಂಗಳಕ್ಕ ಹಣೆ ಬಡಿದುಕೊಂಡು, "ಪುಣ್ಯಾತಗಿತ್ತಿ! ಕುಂದ್ರು ಇನ್ನ, ನೀನ ಆರಸು" ಎಂದರು. ಮೂವರೂ ಪಡಸಾಲೆಯಲ್ಲಿ ಕಾಯಿ ಹರಡಿಕೊಂಡು ಕುಳಿತೆವು.

ಮುಂದೆ ನಿನಗೂ ಬೇಕಾದೀತು, ಬರೆಯುತ್ತೇನೆ. ಬಣ್ಣ ನಂಬಬೇಡ, ಗಾತ್ರವನ್ನೂ ನಂಬಬೇಡ. ಕಾಗದಿಯ ಸಿಪ್ಪೆ ತೆಳು, ನುಣುಪು. ಹೆಬ್ಬೆರಳಿನಿಂದ ಒತ್ತಿದರೆ ಒಳಗಿನ ರಸ ಬೆರಳಿಗೆ ತಿಳಿಯುತ್ತದೆ. ಜಂಬೇರಿ ಎಳೆಯದಾದರೂ ಸಿಪ್ಪೆ ದಪ್ಪ, ಕಣ್ಣು ಮುಚ್ಚಿ ಸವರಿದರೆ ಸಣ್ಣ ಸಣ್ಣ ಗುಳ್ಳೆ. ಇಷ್ಟಾದರೂ ಅನುಮಾನ ಬಂದರೆ ಅಡ್ಡ ಕೊಯ್ದು ನೋಡು, ಜಂಬೇರಿಯ ನಡು ಟೊಳ್ಳು. ಗಿಡದ ಮೇಲಿದ್ದರೆ ಮೊಗ್ಗು ನೋಡು: ಕಾಗದಿಯದು ಅಚ್ಚ ಬಿಳಿ, ಜಂಬೇರಿಯದಕ್ಕೆ ನಸು ನೇರಳೆ. ಪ್ರತಿ ವರ್ಷ ಆ ನೇರಳೆ ಮೊಗ್ಗು ನೋಡಿ ಎಷ್ಟು ಚೆಂದ ಎಂದುಕೊಂಡವಳು ನಾನೇ. ಇವೆಲ್ಲಕ್ಕಿಂತ ಮೂಗು ಮೇಲು. ಎರಡರ ವಾಸನೆ ಹೇಗೆ ಬೇರೆಯೆಂದು ಬರೆಯಲು ನನಗೆ ಬರುವುದಿಲ್ಲ. ಒಂದರ ಪಕ್ಕ ಒಂದಿಟ್ಟು ಮೂಸಿದರೆ ಆಮೇಲೆ ಮರೆಯುವುದಿಲ್ಲ.

ಆರಿಸುತ್ತ ಕುಳಿತಾಗ ಒಂದು ಹಳೆಯ ಮಾತು ನೆನಪಾಯಿತು. ಸಾಲೆಯಿಂದ ಬಂದವಳೇ ನೀನು ಅನ್ನದ ತಾಟು ಹಿಡಿದು ಮರಿಯವ್ವನ ಮನೆಗೆ ಓಡುತ್ತಿದ್ದೆ. "ಅಲ್ಲಿ ಉಪ್ಪಿನಕಾಯಿ ಐತಿ" ಎನ್ನುತ್ತಿದ್ದೆ. ನಮ್ಮಲ್ಲೂ ಇದೆಯಲ್ಲ ಎಂದುಕೊಳ್ಳುತ್ತ ನಾನು ಆ ಕಡೆಯ ಕಿಟಕಿ ಮುಚ್ಚಿಕೊಂಡು ಪಾತ್ರೆ ತೊಳೆಯುತ್ತಿದ್ದೆ. ನನ್ನ ಕೈಯದು ಬೇಡವೆಂದು ಹೋಗುತ್ತೀ ಎಂದುಕೊಂಡಿದ್ದೆ. ನೀನು ಹೋಗುತ್ತಿದ್ದದ್ದು ಅವ್ವನ ಲಿಂಬೆಗೆ. ಆ ಟೊಂಗೆಯ ಕಾಯಿಯೇ ಬೇರೆಯೆಂದು ನಿನಗೂ ಗೊತ್ತಿರಲಿಲ್ಲ, ಉಪ್ಪಿನಕಾಯಿ ಹಾಕಿದ ಮರಿಯವ್ವನಿಗೂ ಗೊತ್ತಿರಲಿಲ್ಲ. ನಾಲಿಗೆಗೆ ಮಾತ್ರ ಗೊತ್ತಿತ್ತು.

ಈ ಸಲ ಎರಡನ್ನೂ ಬೇರೆ ಬೇರೆ ಹಾಕಿದೆ. ಉಪ್ಪು ಅದೇ, ಖಾರ ಅದೇ, ಕೈಯೂ ಅದೇ. ಮೊನ್ನೆ ಕಾಗದಿಯ ಬರಣಿ ತೆಗೆದು ನಿನ್ನ ಅಪ್ಪನ ತಾಟಿಗೆ ಒಂದು ಹೋಳು ಹಾಕಿದೆ. ಬಾಯಿಗಿಟ್ಟುಕೊಂಡು ಸಿಪ್ಪೆಯನ್ನೂ ಬಿಡದೆ ಚೀಪಿದರು.

"ಹೆಂಗ ಐತ್ರಿ?"

"ಇನ್ನೊಂದು ರೊಟ್ಟಿ ಹಾಕು."

ಅಷ್ಟು ಸಾಕಾಯಿತು ನನಗೆ.

ಮಂಗಳಕ್ಕ ಕುಬಸದ ತಯಾರಿಗೆಂದು ಮೊದಲೇ ಅಲ್ಲಿಗೆ ಬರುತ್ತಾರೆ. ಈ ಪತ್ರ, ಎರಡು ಬರಣಿ, ಪಂಚಮಿಯ ಉಂಡಿ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದಿಯ ಬರಣಿಯ ಮೇಲೆ "ಅವ್ವನ ಗಿಡದ್ದು" ಎಂದು ಚೀಟಿ ಅಂಟಿಸಿದ್ದೇನೆ. ಒದ್ದೆ ಚಮಚ ಹಾಕಬೇಡ. ನಾವು ಗುರುವಾರ ಬರುತ್ತೇವೆ. ಹಸಿರು ಸೀರೆ ತಂದಾಯಿತು, ಬಣ್ಣ ನಿನಗೆ ಒಪ್ಪುತ್ತದೆ. ನೀನೂ ಕೂಸೂ ತಂಪಾಗಿ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿಕೊಂಡಿರಿ.

ನಿನ್ನ ಒಳಿತನ್ನೇ ನೆನೆಯುವ,
ಅಂಜಲಿ

ಮರೆತ ಮಾತು: ಅಂದು ಕಾಯಿ ಆರಿಸುವಾಗ ಮಂಗಳಕ್ಕ ತಲೆ ಎತ್ತದೆ ಹೇಳಿದರು, "ಬಾಣಂತನಕ್ಕ ರಾಣೆಬೆನ್ನೂರಿಗೇ ಬರತೇನಿ ಅಂದಾಳ ಸ್ನೇಹಾ. ನಿಮಗ ಹೇಳ್ಯಾಳಲ್ಲಾ?" ನಾನು, "ಹ್ಞೂ, ಹೇಳ್ಯಾಳ್ರಿ" ಎಂದೆ. ನೀನು ಹೇಳಿಲ್ಲವೆಂದು ಅವರಿಗೆ ತಿಳಿಯುವುದು ಬೇಡ ಅನಿಸಿತು. ಯಾರಾದರೂ ಕೇಳಿದರೆ ನೀನೂ ಹೇಳಿದ್ದೆನೆಂದೇ ಹೇಳು. ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದೆ, ಇರಲಿ, ಹೇಗೂ ಹೊಡೆಸಬೇಕಾಗಿತ್ತು.

ಎರಡನೆಯ, ಜಂಬೇರಿಯ ಬರಣಿಗೂ ಚೀಟಿ ಅಂಟಿಸಿದ್ದೇನೆ, ಏನೂ ಬರೆದಿಲ್ಲ. ಯಾರದೆಂದು ಬರೆಯಲಿ? ಇಷ್ಟು ವರ್ಷದಲ್ಲಿ ನೀನು ನನ್ನನ್ನು ಏನೆಂದೂ ಕರೆದಿಲ್ಲ. "ಇಲ್ಲಿ ಕೇಳ್ರಿ" ಎನ್ನುತ್ತೀ, ನಾನು ತಿರುಗಿ ನೋಡುತ್ತೇನೆ. ಹೆಸರು ತೋಚಿದರೆ ನೀನೇ ಬರೆದುಕೋ. ತೋಚದಿದ್ದರೆ ಹಾಗೇ ಇರಲಿ. ಮುಚ್ಚಳ ತೆಗೆದಾಗ ವಾಸನೆಯಿಂದ ಗುರುತು ಸಿಗುತ್ತದೆ.